ಹಳೇ ಜೀಪಲ್ಲಿ ಆಯಿಲ್ ಪ್ರೆಶರ್ ಕಮ್ಮಿ ತೋರಿಸ್ತಿದ್ರೆ: ಎಂಜಿನ್ ಇಳಿಸೋಕೆ ಮುಂಚೆ ಏನೇನ್ ನೋಡ್ಬೇಕು

ಕೊಡಗಲ್ಲಿ ತೋಟದ ಮನೆ ಅಂದ್ರೆ ಶೆಡ್ಡಲ್ಲಿ ಒಂದು ಹಳೇ ಮಹೀಂದ್ರಾ ಇರೋದು ಮಾಮೂಲು, ಎಂಎಂ 540 ನೋ ಕಮಾಂಡರೋ ಮೇಜರೋ, ಇನ್ನೂ ಹಳಬರ ಮನೇಲಾದ್ರೆ ಪೆಟ್ರೋಲ್ ವಿಲ್ಲೀಸು. ವಯಸ್ಸಾದ ಮೇಲೆ ಇವಕ್ಕೆಲ್ಲ ಬರೋ ತೊಂದ್ರೆ ಒಂದೇ ಥರ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗೇಜ್ ಮುಳ್ಳು ಜೋರಾಗೇ ಎದ್ದು ನಿಲ್ಲತ್ತೆ, ಗೊಬ್ಬರ ತುಂಬ್ಕೊಂಡು ಲೋ ಗೇರಲ್ಲಿ ಏರು ಹತ್ತಿ ಬಂದು ಐಡಲ್ ಬಿಟ್ರೆ (ಆಕ್ಸಿಲರೇಟರ್ ಒತ್ತದೇ ಸುಮ್ನೆ ಓಡೋಕೆ ಬಿಟ್ರೆ) ಮುಳ್ಳು ಮಲಗ್ಬಿಡತ್ತೆ, ಕೆಂಪು ಲೈಟು ಮಿಣ ಮಿಣ ಅನ್ನೋಕೆ ಶುರು. ಡ್ರೈವರ್ ಹೇಳ್ತಾನೆ "ಗೇಜ್ ಹಳೇದಲ್ವಾ ಸಾರ್, ಹಾಗೇ ತೋರ್ಸೋದು". ವರ್ಕ್‌ಶಾಪಲ್ಲಿ ಹೇಳ್ತಾರೆ "ಎಂಜಿನ್ ಇಳಿಸ್ಬೇಕಾಗತ್ತೆ". ಇಬ್ರೂ ಅಳತೆ ಮಾಡದೇ ಹೇಳ್ತಿರೋದು. ಮೊದ್ಲು ಅಳತೆ ಮಾಡಿ, ಆಮೇಲೆ ಸ್ಪಾನರ್ ಹಿಡೀರಿ, ಅದೂ ಕಮ್ಮಿ ಖರ್ಚಿನ ಕಡೆಯಿಂದ.

ಅದಕ್ಕೂ ಮುಂಚೆ ಒಂದು ವಿಷ್ಯ. ಓಡ್ತಿರೋವಾಗಲೇ ಲೈಟ್ ಪೂರ್ತಿ ಹತ್ಕೊಂಡು ಒಳಗಿಂದ ಕಟಕಟ ಸೌಂಡ್ ಬಂತು ಅಂದ್ರೆ ಅಲ್ಲೇ ನಿಲ್ಲಿಸ್ಬೇಕು, ಮುಂದಿನ ಊರು ತನಕ ಹೋಗಿ ನೋಡೋಣ ಅನ್ನೋದೇ ಬೇಡ. ಆಯಿಲ್ ಇಲ್ದೆ ಬೇರಿಂಗ್ ಹೋಗೋಕೆ ಜಾಸ್ತಿ ಹೊತ್ತು ಬೇಕಾಗಿಲ್ಲ. ಆದ್ರೆ ಸಂಪಾಜೆ ಘಾಟಲ್ಲೋ ಮಾಕುಟ್ಟದ ಇಳಿಜಾರಲ್ಲೋ ಇದ್ರೆ ಗಾಡಿ ಸೈಡಿಗೆ ತಗೊಂಡು ನಿಂತ್ಮೇಲೇ ಸ್ಟಾಪ್ ನಾಬ್ (ಡೀಸೆಲ್ ಎಂಜಿನ್ ಆಫ್ ಮಾಡೋದು) ಎಳೀರಿ, ಬೂಸ್ಟರ್ ಬ್ರೇಕ್ ಇರೋ ಗಾಡೀಲಿ ಎಂಜಿನ್ ಆಫ್ ಆದ್ರೆ ಪೆಡಲ್ ಕಲ್ಲಾಗತ್ತೆ. ಚಕ್ರಕ್ಕೆ ಕಲ್ಲು ಕೊಟ್ಟು ಆಮೇಲೆ ಬಾನೆಟ್ ಎತ್ತಿ.

ಸರಿ, ಈಗ ಆಯಿಲ್ ಲೆವೆಲ್. ಇದೇನ್ ಹೇಳೋದು ಎಲ್ರಿಗೂ ಗೊತ್ತಿರೋದು ಅನ್ಬೇಡಿ, ನಮ್ಮೂರಲ್ಲಿ ಇದೇ ಮೊದಲ್ನೇ ಎಡವಟ್ಟು. ಶೆಡ್ ಮುಂದೆ ಇಳಿಜಾರು, ಗೇಟ್ ಹತ್ರ ಏರು, ರೋಡಲ್ಲಿ ಎಲ್ಲಿ ನಿಲ್ಸಿದ್ರೂ ಗಾಡಿ ಒಂದ್ಕಡೆ ವಾಲಿರತ್ತೆ, ಅಲ್ಲಿ ಆಯಿಲ್ ಅಳೆಯೋ ಸ್ಟಿಕ್ ತೆಗೆದು ನೋಡಿದ್ರೆ ಅದು ಹೇಳೋದು ಸುಳ್ಳು. ಮನೆ ಹತ್ರ ನಿಜವಾಗ್ಲೂ ಸಮ ಇರೋ ಜಾಗ ಅಂದ್ರೆ ಕಾಫಿ ಕಣ ಒಂದೇ, ಗಾಡೀನ ಅಲ್ಲಿಗೆ ತಂದು ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ (ಕೆಳಗೆ ಟಾರ್ಪಾಲ್ ಹಾಸೋದು ಮರೀಬೇಡಿ, ಕಣಕ್ಕೆ ಆಯಿಲ್ ಬಿದ್ದು ಆ ವಾಸ್ನೆ ಕಾಫಿಗೆ ಹಿಡಿದ್ರೆ ಮನೇಲಿ ಬೈಸ್ಕೊಳ್ಳೋದು ನೀವೇ). ಕಮ್ಮಿ ಇದ್ರೆ ತುಂಬ್ಸಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಜಾಸ್ತಿ ಇದ್ರೂ ತೊಂದ್ರೆನೇ. ಇಳಿಜಾರಲ್ಲಿ ನೋಡಿ ಕಮ್ಮಿ ಅನ್ಕೊಂಡು ಒಂದು ಲೀಟರ್ ಎಕ್ಸ್‌ಟ್ರಾ ಹಾಕಿದ್ರೆ ಕ್ರ್ಯಾಂಕ್ (ಎಂಜಿನ್ನಲ್ಲಿ ತಿರುಗೋ ಮುಖ್ಯ ಶಾಫ್ಟ್) ತಿರುಗ್ತಾ ಆಯಿಲನ್ನ ಕಡೆದು ನೊರೆ ಎಬ್ಬಿಸತ್ತೆ, ನೊರೆಯನ್ನ ಆಯಿಲ್ ಪಂಪ್ ಎಳೆದ್ರೆ ಪ್ರೆಶರ್ ಬರಲ್ಲ.

ಸ್ಟಿಕ್ ತೆಗ್ದಾಗ ಲೆವೆಲ್ ಮಾತ್ರ ಅಲ್ಲ, ಆಯಿಲನ್ನೂ ನೋಡ್ಬೇಕು, ಮೂಸ್ಬೇಕು. ಲೆವೆಲ್ ತಾನಾಗೇ ಏರ್ತಾ ಇದ್ಯಾ, ಬೆರಳಲ್ಲಿ ಉಜ್ಜಿದ್ರೆ ನೀರ್ ನೀರಾಗಿದ್ಯಾ, ಡೀಸೆಲ್ ವಾಸ್ನೆ ಇದ್ಯಾ? ಒಂದು ತೊಟ್ಟು ನ್ಯೂಸ್ ಪೇಪರ್ ಮೇಲೆ ಬಿಟ್ಟು ಒಂದೆರಡು ಗಂಟೆ ಆದ್ಮೇಲೆ ನೋಡಿ, ಮಧ್ಯದ ಕಪ್ಪು ಕಲೆ ಸುತ್ತ ಅಗಲವಾಗಿ ಎಣ್ಣೆ ಹೀರ್ಕೊಂಡ ಹಾಗೆ ತೆಳು ಉಂಗುರ ಹರಡಿದ್ರೆ ಡೀಸೆಲ್ ಬೆರೆತಿರೋ ಅನುಮಾನ ಇಟ್ಕೊಳ್ಳಿ. ಎಂಜಿನ್ ಬ್ಲಾಕಿಗೇ ಕೂತಿರೋ ಡಯಾಫ್ರಂ ಫೀಡ್ ಪಂಪ್ (ಟ್ಯಾಂಕಿಂದ ಡೀಸೆಲ್ ಎಳೆಯೋದು) ಇದ್ರೆ, ಅದರ ಡಯಾಫ್ರಂ ಹರಿದಾಗ ಡೀಸೆಲ್ ನೇರ ಚೇಂಬರಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯತ್ತೆ, ಹಳೇ ಪೆಟ್ರೋಲ್ ಜೀಪಲ್ಲೂ ಇದೇ ಕಥೆ, ಅಲ್ಲಿ ಪೆಟ್ರೋಲ್ ಇಳಿಯತ್ತೆ. ಇಲ್ಲಾಂದ್ರೆ ಯಾವ್ದೋ ನಾಜಲ್ ಸೋರ್ತಿರತ್ತೆ, ಅದನ್ನ ಡೀಸೆಲ್ ಪಂಪ್ ಸರ್ವಿಸ್‌ನೋರ ಹತ್ರ ಕೊಟ್ಟು ಟೆಸ್ಟ್ ಮಾಡ್ಸಿ. ಅದನ್ನ ಸರಿ ಮಾಡದೇ ಬರೀ ಆಯಿಲ್ ಬದಲಾಯಿಸಿದ್ರೆ ಸ್ವಲ್ಪ ದಿನಕ್ಕೆ ಅದೇ ಹಾಡು.

ಇನ್ನು ಆಯಿಲ್ ಹಾಕೋ ಮುಚ್ಚಳದ ಒಳಗಡೆ ಬಿಳಿ ಬಿಳಿ ಕೆನೆ. ಇದನ್ನ ನೋಡಿದ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ತಲೆ ಮೇಲೆ ಕೈ ಇಟ್ಕೊಳ್ಳೋರು ಜಾಸ್ತಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೇಲಿ ಮನೆಯಿಂದ ಡಿಪೋಗೆ, ಡಿಪೋಯಿಂದ ಮನೆಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದ್ರೆ ಎಂಜಿನ್ ಪೂರ್ತಿ ಕಾಯಲ್ಲ, ಒಳಗಿನ ತೇವ ಮುಚ್ಚಳದ ಅಡೀಲಿ ಹಾಗೆ ಕೂರತ್ತೆ. ಒರೆಸಿ, ಒಂದ್ಸಲ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಚೆನ್ನಾಗಿ ಕಾಯೋ ಹಾಗೆ ಓಡ್ಸಿ ಮತ್ತೆ ನೋಡಿ. ಸ್ಟಿಕ್ಕಲ್ಲಿರೋ ಆಯಿಲೇ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ರೆ, ರೇಡಿಯೇಟರಲ್ಲಿ ನೀರೂ ಕಮ್ಮಿ ಆಗ್ತಿದ್ರೆ, ಆಗ ನಿಜವಾಗ್ಲೂ ನೀರು ಒಳಗೆ ಹೋಗ್ತಿದೆ, ಗಾಡಿ ಓಡಿಸ್ಬೇಡಿ.

ಆಯಿಲ್ ಸರಿ ಇದೆ ಅಂತಾದ್ರೆ ಗೇಜನ್ನ ಅನುಮಾನಿಸಿ. ಎಲೆಕ್ಟ್ರಿಕ್ ಗೇಜಾದ್ರೆ ಬ್ಲಾಕಲ್ಲಿರೋ ಸೆಂಡರ್ (ಪ್ರೆಶರ್ ಎಷ್ಟಿದೆ ಅಂತ ಗೇಜಿಗೆ ಕಳ್ಸೋ ಸಾಮಾನು) ತನ್ನ ಥ್ರೆಡ್ ಮೂಲಕವೇ ಅರ್ಥ್ ತಗೊಳ್ಳತ್ತೆ, ಲೀಕ್ ನಿಲ್ಸೋಕೆ ಅಂತ ಯಾರೋ ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಕೂರಿಸಿದ್ರೆ ಅರ್ಥ್ ಸಿಗದೇ ಗೇಜ್ ಏನೇನೋ ತೋರ್ಸತ್ತೆ. ವೈರ್ ತುದೀಲಿ ಮಳೆಗಾಲದ ಹಸಿರು ಕಿಲುಬು ಇದ್ರೂ ಅಷ್ಟೇ. ಕೀ ಆನ್ ಮಾಡಿ ಸೆಂಡರ್ ವೈರ್ ಕಳಚಿ ಹಿಡಿದ್ರೆ ಮುಳ್ಳು ಒಂದು ಕೊನೆಗೆ, ಅದೇ ವೈರನ್ನ ಬ್ಲಾಕಿಗೆ ಮುಟ್ಟಿಸಿದ್ರೆ ಇನ್ನೊಂದು ಕೊನೆಗೆ ಹೋಗ್ಬೇಕು, ಹೋಯ್ತಾ, ಹಾಗಾದ್ರೆ ಗೇಜೂ ವೈರಿಂಗೂ ಸರಿ, ಸೆಂಡರ್ ಮೇಲೆ ಅನುಮಾನ. ಬರೀ ಲೈಟ್ ಇರೋ ಗಾಡೀಲಿ ಸ್ವಿಚ್ಚಿನ ವೈರ್ ಕಳಚಿದ್ರೆ ಲೈಟ್ ಆರ್ಬೇಕು, ಆಗ್ಲೂ ಉರೀತಿದ್ರೆ ವೈರ್ ಎಲ್ಲೋ ಬಾಡಿಗೆ ತಾಗ್ತಿದೆ. ಲೈಟಿನ ಸ್ವಿಚ್ ಸಾಮಾನ್ಯವಾಗಿ 5 ರಿಂದ 8 ಪಿಎಸ್‌ಐ (ಪ್ರೆಶರ್ ಅಳೆಯೋ ಲೆಕ್ಕ) ಹತ್ರ ಕೆಲ್ಸ ಮಾಡೋದು, ಅಂದ್ರೆ ಲೈಟ್ ಹತ್ತಿಲ್ಲ ಅಂದ ಮಾತ್ರಕ್ಕೆ ಪ್ರೆಶರ್ ಚೆನ್ನಾಗಿದೆ ಅಂತ ಅರ್ಥ ಅಲ್ಲ, 10 ಇದ್ರೂ ಹತ್ತಲ್ಲ, 60 ಇದ್ರೂ ಹತ್ತಲ್ಲ.

ಕೊನೇ ತೀರ್ಮಾನ ಕೊಡೋದು ಮೆಕ್ಯಾನಿಕಲ್ ಗೇಜ್, ಅಂದ್ರೆ ಪೈಪಲ್ಲಿ ಆಯಿಲೇ ನೇರವಾಗಿ ಬಂದು ಮುಳ್ಳು ತಳ್ಳೋ ಥರದ್ದು. ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡೀಲಿ ಸಿಗತ್ತೆ, ದೊಡ್ಡ ರೇಟೇನಲ್ಲ, ಒಂದು ಎಂಜಿನ್ ಬಿಚ್ಚೋ ಖರ್ಚಿನ ಮುಂದೆ ಏನೂ ಅಲ್ಲ. ತರೋಕೆ ಹೋಗುವಾಗ ಬಿಚ್ಚಿದ ಸೆಂಡರನ್ನ ಜೇಬಲ್ಲಿ ಹಾಕ್ಕೊಂಡು ಹೋಗಿ. 1/8 ಇಂಚಿನ ಥ್ರೆಡ್ ಅಂತ ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಆದ್ರೆ ಇಂಚಿಗೆ 27 ಸುತ್ತು, ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಆದ್ರೆ 28, ನೋಡೋಕೆ ಒಂದೇ ಥರ, ಒಂದರಲ್ಲಿ ಇನ್ನೊಂದು ಎರಡು ಸುತ್ತು ಹೋಗಿ ಹಿಡ್ಕೊಳ್ಳತ್ತೆ, ಒತ್ತಾಯ ಮಾಡಿದ್ರೆ ಬ್ಲಾಕಿನ ಥ್ರೆಡ್ ಹೋಯ್ತು. ಮೀಟ್ರಿಕ್ ಥ್ರೆಡ್ ಇರೋ ಎಂಜಿನ್ನೂ ಇದೆ. ಪೈಪ್ ಸೈಲೆನ್ಸರ್ ಕಡೆಗೂ ಫ್ಯಾನ್ ಕಡೆಗೂ ಹೋಗದ ಹಾಗೆ ಕಟ್ಟಿ, ಕಾದ ಆಯಿಲ್ ಚಿಮ್ಮಿದ್ರೆ ಚರ್ಮ ಸುಲಿಯತ್ತೆ.

ಈಗ ಓದೋದು ಹೇಗೆ. ನಿಮ್ಮ ಎಂಜಿನ್ನಿನ ಸರ್ವಿಸ್ ಬುಕ್ ಸಿಕ್ಕಿದ್ರೆ ಅದರಲ್ಲಿರೋ ನಂಬರೇ ಸರಿ, ಸಿಗದಿದ್ರೆ ಮೆಕ್ಯಾನಿಕ್ಕುಗಳ ಹಳೇ ಲೆಕ್ಕ: ಎಂಜಿನ್ ಚೆನ್ನಾಗಿ ಕಾದಿರುವಾಗ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಆದ್ರೂ ಇರ್ಬೇಕು. ಅಂದ್ರೆ 2000ದಲ್ಲಿ 20ಕ್ಕಿಂತ ಮೇಲೆ, 30 ಹತ್ರ ಇದ್ರೆ ನೆಮ್ಮದಿ. ಕಾದ ಐಡಲ್ಲಲ್ಲಿ 10 ರಿಂದ 15 ಇದ್ರೆ ಇಷ್ಟು ಹಳೇ ಎಂಜಿನ್ನಿಗೆ ನಾನಾದ್ರೆ ಕೈ ಹಾಕಲ್ಲ. ತಣ್ಣಗಿರುವಾಗ 50, 60 ತೋರ್ಸೋದು ಸಹಜ, ಅದನ್ನ ನೋಡಿ ಖುಷಿ ಪಡ್ಬೇಡಿ, ಆಯಿಲ್ ಗಟ್ಟಿ ಇರೋದ್ರಿಂದ ಹಾಗೆ. ಗೇಜಲ್ಲಿ ಕೆಜಿ ಲೆಕ್ಕ ಇದ್ರೆ 1 ಕೆಜಿ ಅಂದ್ರೆ ಸುಮಾರು 14 ಪಿಎಸ್‌ಐ, ಬಾರ್ ಇದ್ರೆ 1 ಬಾರ್‌ಗೆ 14.5. ಟೆಸ್ಟ್ ಮಾಡೋದು ಮಾತ್ರ ಶೆಡ್ಡಲ್ಲಿ ಐದು ನಿಮಿಷ ಸ್ಟಾರ್ಟ್ ಇಟ್ಟಲ್ಲ, ಒಂದು ಏರು ಹತ್ತಿ ಇಳಿದು ಬಂದ್ಮೇಲೆ.

ಅಂದ ಹಾಗೆ ಐಡಲ್. ಡೀಸೆಲ್ ಉಳೀಲಿ ಅಂತ ಐಡಲನ್ನ ಡುಗ್ ಡುಗ್ ಅನ್ನೋ ತನಕ ಇಳಿಸಿಟ್ಟಿರ್ತಾರೆ, ಹಳೇ ಜೀಪಲ್ಲಿ ಆರ್‌ಪಿಎಂ ಮೀಟರೂ ಇರಲ್ಲ. ಪಂಪ್ ಎಂಜಿನ್ ಜೊತೆಗೇ ತಿರುಗೋದು, ಅದು ನಿಧಾನ ಆದ್ರೆ ಪ್ರೆಶರ್ರೂ ಇಳಿಯತ್ತೆ. ಮೊದ್ಲು ಐಡಲ್ ಸರಿ ಮಾಡಿ, ಎಷ್ಟೋ ಸಲ ಲೈಟ್ ಮಿಣುಕೋದು ಅಲ್ಲೇ ನಿಲ್ಲತ್ತೆ.

ಮುಳ್ಳು ಯಾವಾಗ ಬೀಳತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರತ್ತೆ. ತಣ್ಣಗಿದ್ದಾಗ ಜೋರು, ಕಾದ್ಮೇಲೆ ಐಡಲ್ಲಲ್ಲಿ ಮಾತ್ರ ಕಮ್ಮಿ ಅಂದ್ರೆ ಆಯಿಲ್ ತೆಳು ಆಗಿದೆ ಇಲ್ಲಾ ಬೇರಿಂಗ್ ಸವೆದಿದೆ. ತಣ್ಣಗೂ ಕಮ್ಮಿ ಬಿಸಿಗೂ ಕಮ್ಮಿ, ರೇಸ್ ಮಾಡಿದ್ರೂ ಮೇಲೆ ಏಳ್ತಿಲ್ಲ ಅಂದ್ರೆ ರಿಲೀಫ್ ವಾಲ್ವ್ (ಪ್ರೆಶರ್ ಜಾಸ್ತಿ ಆದ್ರೆ ಆಯಿಲನ್ನ ವಾಪಸ್ ಬಿಡೋದು) ತೆರೆದೇ ಸಿಕ್ಕಾಕ್ಕೊಂಡಿರ್ಬಹುದು, ಇಲ್ಲಾ ಪಂಪ್. ಐಡಲ್ಲಲ್ಲಿ ಸರಿ ಇದ್ದು ರೇಸ್ ಮಾಡ್ತಾ ಹೋದ್ರೆ ಬೀಳತ್ತೆ ಅಂದ್ರೆ ಚೇಂಬರ್ ಒಳಗಿನ ಸ್ಟ್ರೈನರ್ (ಪಂಪಿಗೆ ಹೋಗೋ ಆಯಿಲ್ ಸೋಸೋ ಜಾಲರಿ) ಕೆಸರು ಹಿಡಿದು ಮುಚ್ಚಿದೆ, ಪಂಪಿಗೆ ಬೇಕಾದಷ್ಟು ಆಯಿಲ್ ಸಿಗ್ತಿಲ್ಲ. ಕಡಿದಾದ ಏರಲ್ಲಿ, ಮಾಂದಲ್‌ಪಟ್ಟಿ ಹತ್ತೋ ಥರದ ರೋಡಲ್ಲಿ, ಗಾಡಿ ವಾಲಿದಾಗ ಮಾತ್ರ ಮುಳ್ಳು ಬಿದ್ದು ಸಮಕ್ಕೆ ಬಂದ್ರೆ ಎದ್ದು ನಿಲ್ತಿದ್ರೆ ಲೆವೆಲ್ ಕಮ್ಮಿ ಇದೆ ಅಥ್ವಾ ಸ್ಟ್ರೈನರ್ ಪೈಪ್ ಸಡಿಲ ಆಗಿ ಗಾಳಿ ಎಳೀತಿದೆ, ಅಂಥ ಗಾಡಿ ಬಾಡಿಗೆಗೆ ಓಡಿಸೋರು ಲೆವೆಲನ್ನ ಮೇಲಿನ ಗೆರೆಗೇ ಇಟ್ಕೊಳ್ಳೋದು ಒಳ್ಳೇದು, ಗೆರೆ ಮೇಲೆ ಮಾತ್ರ ಹೋಗ್ಬಾರ್ದು.

ಇಲ್ಲಿ ತನಕ ಬಂದ್ರೂ ಚೇಂಬರ್ ಬಿಚ್ಚೋಕೆ ಮುಂಚೆ ಆಯಿಲೂ ಫಿಲ್ಟರೂ ಹೊಸದು ಹಾಕಿ ಒಂದ್ಸಲ ನೋಡಿ. ಬುಕ್ಕಲ್ಲಿ ಹೇಳಿರೋ ಗ್ರೇಡೇ ಹಾಕಿ, ಸವೆದ ಎಂಜಿನ್ನಿಗೆ 15ಡಬ್ಲ್ಯೂ-40 ಬದಲು ಅದಕ್ಕಿಂತ ಗಟ್ಟಿ ಇರೋ 20ಡಬ್ಲ್ಯೂ-50 ಹಾಕಿದ್ರೆ ಕಾದ ಐಡಲ್ಲಲ್ಲಿ ಸ್ವಲ್ಪ ಏರತ್ತೆ, ಕಾಫಿ ಕೊಯ್ಲು ಮುಗಿಯೋ ತನಕ ಗಾಡಿ ನಿಲ್ಲಿಸೋ ಹಾಗಿಲ್ಲ ಅನ್ನೋರಿಗೆ ಇದು ಪರ್ವಾಗಿಲ್ಲ. ಆದ್ರೆ ಡಬ್ಬೀಲಿ ಬರೋ ಗಟ್ಟಿ ಮಾಡೋ ಔಷಧಿ, ಗೇರ್ ಆಯಿಲ್ ಬೆರೆಸೋದು, ಇದೆಲ್ಲ ಗೇಜನ್ನ ಮೇಲೆತ್ತತ್ತೆ ಅಷ್ಟೇ, ಬೇರಿಂಗ್ ಸವೆದದ್ದು ಸವೆದೇ ಇರತ್ತೆ. ಫಿಲ್ಟರ್ ಅಂತೂ ನಿಮ್ಮ ಎಂಜಿನ್ನಿಗೆ ಹೇಳಿರೋದೇ ಬೇಕು, ಥ್ರೆಡ್ ಕೂತ್ಕೊಳ್ತು ಅಂತ ಬೇರೆ ಗಾಡೀದು ಹಾಕಿದ್ರೆ ಒಳಗಿನ ವಾಲ್ವ್ ಬೇರೆ ಇರತ್ತೆ.

ರಿಲೀಫ್ ವಾಲ್ವ್ ಹೊರಗಿಂದಲೇ ಸಿಗೋ ಎಂಜಿನ್ನಾದ್ರೆ ಮುಂದಿನ ಕೆಲ್ಸ ಅದು. ನಟ್ ಬಿಚ್ಚಿ ಸ್ಪ್ರಿಂಗ್ ತೆಗೆದು ಪ್ಲಂಜರ್ ಬೆರಳಲ್ಲಿ ನುಣ್ಣಗೆ ಜಾರತ್ತಾ ನೋಡಿ, ಒಂದು ಚೂರು ಇಂಗಾಲವೋ ಲೋಹದ ಪುಡಿಯೋ ಸಿಕ್ಕಿದ್ರೆ ಸಾಕು ಅದು ಮುಚ್ಚಲ್ಲ, ಆಯಿಲ್ ಸುಮ್ನೆ ಚೇಂಬರಿಗೆ ವಾಪಸ್. ತೊಳೆದು, ಸೀಟ್ ನೋಡಿ, ಸ್ಪ್ರಿಂಗ್ ಕುಗ್ಗಿದ್ರೆ ಹೊಸದು ಹಾಕಿ. ಸ್ಪ್ರಿಂಗ್ ಹಿಂದೆ ವಾಷರ್ ಇಟ್ಟು ಪ್ರೆಶರ್ ಜಾಸ್ತಿ ಮಾಡೋ ಐಡಿಯಾ ತುಂಬಾ ಜನ ಕೊಡ್ತಾರೆ, ಅದು ಕಾದ ಐಡಲ್ಲಿನ ತೊಂದ್ರೆಗೆ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಐಡಲ್ಲಲ್ಲಿ ಆ ವಾಲ್ವ್ ಮುಚ್ಚಿಯೇ ಇರತ್ತೆ. ವಾಷರಿಂದ ಏರೋದು ಮೇಲಿನ ಪ್ರೆಶರ್ ಮಾತ್ರ, ತಣ್ಣಗೆ ಸ್ಟಾರ್ಟ್ ಮಾಡಿದಾಗ ಫಿಲ್ಟರ್ ಸೀಲ್ ಕಿತ್ಕೊಂಡು ಬರೋ ಚಾನ್ಸೂ ಇದೆ.

ಇದಕ್ಕೂ ಬಗ್ಗದಿದ್ರೆ ಚೇಂಬರ್ ಇಳಿಸ್ಬೇಕು. ಎಂಜಿನ್ ಗಾಡೀಲೇ ಇರ್ಲಿ, ಮುಂದಿನ ಆಕ್ಸಲ್ ಅಡ್ಡ ಬಂದ್ರೆ ಚಾಸಿಸ್‌ಗೆ ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ತನ್ನಷ್ಟಕ್ಕೆ ಕೆಳಗೆ ಇಳಿದು ಜಾಗ ಆಗತ್ತೆ. ಬರೀ ಜಾಕ್ ನಂಬಿ ಯಾರೂ ಕೆಳಗೆ ನುಗ್ಬೇಡಿ. ಚೇಂಬರ್ ತಳದ ಕೆಸರನ್ನ ಎಸೀಬೇಡಿ, ಬಿಸಿಲಲ್ಲಿ ಹಿಡಿದು ಬೆರಳಲ್ಲಿ ಉಜ್ಜಿ ನೋಡಿ. ತಾಮ್ರದ ಬಣ್ಣದ ಮಿನುಗು ಕಂಡ್ರೆ ಬೇರಿಂಗಿನ ಮೇಲಿನ ಪದರ ಹೋಗಿ ಒಳಗಿನದು ಸವೀತಿದೆ, ಮ್ಯಾಗ್ನೆಟ್ಟಿಗೆ ಅಂಟೋ ಪುಡಿ ಅಂದ್ರೆ ಕಬ್ಬಿಣ, ಅದು ಬೇರೆ ಕಡೆಯಿಂದ. ಸ್ಟ್ರೈನರ್ ಡೀಸೆಲಲ್ಲಿ ತೊಳೆದು, ಪೈಪ್ ಜಾಯಿಂಟಿನ ಗ್ಯಾಸ್ಕೆಟ್ಟೋ ಓ-ರಿಂಗೋ ಏನಿದ್ಯೋ ಅದನ್ನ ಹೊಸದೇ ಹಾಕಿ. ಹಳೇ ಆಯಿಲನ್ನ ತೋಡಿಗೆ ಚೆಲ್ಲೋದು ಬೇಡ, ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಪಂಪ್ ವಿಷ್ಯಕ್ಕೆ ಬಂದ್ರೆ, ಪ್ರೆಶರ್ ಕಮ್ಮಿ ಅಂದ ತಕ್ಷಣ ಎಲ್ರೂ ಹೊಸ ಪಂಪ್ ತರ್ತಾರೆ. ಆದ್ರೆ ಪಂಪ್ ಯಾವಾಗ್ಲೂ ಆಯಿಲಲ್ಲೇ ತಿರುಗೋ ಸಾಮಾನು, ಸವೆಯೋದು ನಿಧಾನ. ಪಂಪ್ ಕೊಡೋದು ಹರಿವು ಮಾತ್ರ, ಆ ಹರಿವಿಗೆ ಬೇರಿಂಗಿನ ಸಣ್ಣ ಸಂದಿ ತಡೆ ಕೊಟ್ರೆನೇ ಪ್ರೆಶರ್ ಹುಟ್ಟೋದು. ಹೂಮಳೆ ಬರದೇ ಇದ್ದಾಗ ಕೆರೆಯಿಂದ ಸ್ಪ್ರಿಂಕ್ಲರ್ ಎಳೀತೀವಲ್ಲ, ದಾರೀಲಿ ನಾಲ್ಕು ಪೈಪ್ ಜಾಯಿಂಟ್ ಸೋರ್ತಿದ್ರೆ ಕೊನೇ ಜೆಟ್ ಎದ್ದು ನಿಲ್ಲಲ್ಲ, ಮೋಟರ್ ಬದಲಾಯಿಸಿದ್ರೂ ನಿಲ್ಲಲ್ಲ, ಇದೂ ಹಾಗೇ. ಆದ್ರೂ ಬಿಚ್ಚಿದ್ಮೇಲೆ ಪಂಪ್ ಚೆಕ್ ಮಾಡಿ. ಕವರ್ ತೆಗೆದು ಗೇರ್ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಫೀಲರ್ ಗೇಜ್ ತೂರಿಸಿ, ಎಷ್ಟಿರ್ಬೇಕು ಅನ್ನೋದು ಬುಕ್ಕಲ್ಲಿರತ್ತೆ, ಸಾಮಾನ್ಯವಾಗಿ 0.15 ಮಿಮೀ ಸಲೀಸಾಗಿ ಹೋಗ್ತಿದ್ರೆ ಜಾಸ್ತಿನೇ ಸವೆದಿದೆ. ಕವರಲ್ಲಿ ಗೇರ್ ಉಜ್ಜಿದ ಉಂಗುರ ಕಂಡ್ರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಅಂಟಿಸಿ ಸ್ವಲ್ಪ ಆಯಿಲ್ ಬಿಟ್ಟು ಎಂಟರ ಆಕಾರದಲ್ಲಿ ತಿಕ್ಕಿ ಸಮ ಮಾಡ್ಬಹುದು.

ಬೇರಿಂಗ್ ನೋಡೋದು ತಾಳ್ಮೆ ಕೆಲ್ಸ. ಮೇನ್ ಬೇರಿಂಗ್ (ಕ್ರ್ಯಾಂಕ್ ಬ್ಲಾಕಲ್ಲಿ ಕೂರೋ ಬೇರಿಂಗ್) ಕ್ಯಾಪ್ ಒಂದೊಂದಾಗೇ ಬಿಚ್ಚಿ, ಎಲ್ಲಾ ಒಟ್ಟಿಗೆ ಬಿಚ್ಚಿ ಗುಡ್ಡೆ ಹಾಕ್ಬೇಡಿ, ಯಾವ್ದು ಎಲ್ಲೀದು, ಯಾವ ಕಡೆ ಮುಖ ಅಂತ ಪಂಚ್ ಮಾರ್ಕ್ ಇಲ್ದಿದ್ರೆ ನೀವೇ ಹಾಕಿ. ಶೆಲ್ (ಬೇರಿಂಗಿನ ಅರ್ಧ ಬಳೆ) ಒಳಮೈ ಒಂದೇ ಸಮನೆ ಬೂದು ಬಣ್ಣ ಇದ್ರೆ ಇನ್ನೂ ಜೀವ ಇದೆ, ತಾಮ್ರ ಇಣುಕಿದ್ರೆ ಮುಗೀತು. ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಒಳಗೆ ತಿರುಗೋ ಭಾಗ) ಮೇಲೆ ಉಗುರು ಎಳೀರಿ, ಉಗುರು ಸಿಕ್ಕಾಕ್ಕೊಳ್ಳೋ ಗೀರು ಇದ್ರೆ ಗ್ರೈಂಡಿಂಗ್ ತಪ್ಪಲ್ಲ. ಸಂದಿ ಅಳೆಯೋಕೆ ಪ್ಲಾಸ್ಟಿಗೇಜ್ ಅಂತ ಮೇಣದ ದಾರದ ಥರದ್ದು ಸಿಗತ್ತೆ, ಜರ್ನಲ್ ಒರೆಸಿ ಉದ್ದಕ್ಕೆ ಒಂದು ಚೂರು ಇಟ್ಟು ಕ್ಯಾಪ್ ಹಾಕಿ ಸರಿಯಾದ ಟಾರ್ಕಿಗೆ ಬಿಗಿದು ಮತ್ತೆ ಬಿಚ್ಚಿ, ಮಧ್ಯೆ ಕ್ರ್ಯಾಂಕ್ ಮಾತ್ರ ತಿರುಗಿಸ್ಬಾರ್ದು. ಎಂಜಿನ್ ಗಾಡೀಲೇ ಇರೋದ್ರಿಂದ ಮೇನ್ ಅಳೆಯುವಾಗ ಕ್ರ್ಯಾಂಕ್ ತನ್ನ ಭಾರಕ್ಕೆ ಕೆಳಗೆ ಜಗ್ಗದ ಹಾಗೆ ಪಕ್ಕದಲ್ಲಿ ಸಣ್ಣ ಜಾಕ್ ಕೊಟ್ಟು ಮೇಲಕ್ಕೆ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಅಳತೆ ತಪ್ಪು ಬರತ್ತೆ. ದಾರ ಎಷ್ಟು ಚಪ್ಪಟೆ ಆಗಿದೆ ಅನ್ನೋದನ್ನ ಕವರಿನ ಮೇಲಿರೋ ಅಳತೆ ಪಟ್ಟಿ ಜೊತೆ ಹೋಲಿಸಿ ನೋಡಿದ್ರೆ ಸಂದಿ ಗೊತ್ತಾಗತ್ತೆ. ಈ ಸೈಜಿನ ಎಂಜಿನ್ನಲ್ಲಿ 0.03 ರಿಂದ 0.08 ಮಿಮೀ ಒಳಗೆ ಇರೋದು ಮಾಮೂಲು, 0.10 ದಾಟಿದ್ರೆ ನಿಮ್ಮ ಪ್ರೆಶರ್ ಎಲ್ಲಿ ಹೋಗ್ತಿದೆ ಅಂತ ಸಿಕ್ತು. ಬಿಗ್ ಎಂಡಿಗೂ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯ ಬೇರಿಂಗ್) ಇದೇ ಕ್ರಮ.

ಕ್ರ್ಯಾಂಕ್ ಚೆನ್ನಾಗಿದ್ದು ಶೆಲ್ ಮಾತ್ರ ಸವೆದಿದ್ರೆ ಅದೇ ಸೈಜಿನ ಹೊಸ ಶೆಲ್ ಹಾಕಿ ಮುಗಿಸ್ಬಹುದು. ಶೆಲ್ ಬೆನ್ನಲ್ಲಿ ಸೈಜ್ ಹೊಡೆದಿರತ್ತೆ, ಸ್ಟ್ಯಾಂಡರ್ಡ್ ಇಲ್ಲಾ 10, 20, 30, ಅಂದ್ರೆ 0.25, 0.50, 0.75 ಮಿಮೀ ಗ್ರೈಂಡ್ ಆಗಿರೋ ಕ್ರ್ಯಾಂಕಿಗೆ. ಈಗಾಗ್ಲೇ 30 ಆಗಿದ್ರೆ ಮತ್ತೆ ಗ್ರೈಂಡ್ ಮಾಡೋಕೆ ಹೆಚ್ಚು ಕಮ್ಮಿ ಜಾಗ ಇಲ್ಲ, ಬೇರೆ ಕ್ರ್ಯಾಂಕ್ ಹುಡುಕ್ಬೇಕು. ಗ್ರೈಂಡಿಂಗ್ ಅಂದ್ರೆ ಎಂಜಿನ್ ಇಳಿಸಿ ಮೈಸೂರ್ ಕಡೆ ಕಳ್ಸೋ ಕೆಲ್ಸ, ಆ ಹಂತಕ್ಕೆ ಬಂದ್ರೆ ಕ್ಯಾಮ್ ಬುಶ್ಶೂ (ಕ್ಯಾಮ್ ಶಾಫ್ಟ್ ಕೂರೋ ಬೇರಿಂಗ್) ನೋಡಿ ಅಂತ ಹೇಳಿ ಕಳ್ಸಿ. ಮೇನ್, ಬಿಗ್ ಎಂಡ್ ಎಲ್ಲಾ ಹೊಸದು ಹಾಕಿದ್ರೂ ಪ್ರೆಶರ್ ಬರ್ಲಿಲ್ಲ ಅಂತ ಗೋಳಾಡೋರ ಗಾಡೀಲಿ ಬಹಳ ಸಲ ಕ್ಯಾಮ್ ಬುಶ್ ಹಳೇದೇ ಇರತ್ತೆ, ಇಲ್ಲಾ ಬ್ಲಾಕ್ ತೊಳೆಯೋಕೆ ಅಂತ ತೆಗ್ದ ಗ್ಯಾಲರಿ ಪ್ಲಗ್ (ಆಯಿಲ್ ದಾರಿಯ ಕೊನೆ ಮುಚ್ಚೋದು) ಒಂದು ವಾಪಸ್ ಕೂತಿರಲ್ಲ.

ಜೋಡಿಸುವಾಗ ಪಂಪಿನ ಗೇರ್ ಸಂದಿಗೆ ವ್ಯಾಸಲೀನ್ ತುಂಬಿ, ಗ್ರೀಸ್ ಬೇಡ, ಗ್ರೀಸ್ ಕರಗದೇ ಹೋಗಿ ಎಲ್ಲೋ ತೂತು ಮುಚ್ಚತ್ತೆ. ಫಿಲ್ಟರಿಗೂ ಆಯಿಲ್ ತುಂಬಿ ಹಾಕಿ. ಆಮೇಲೆ ಸ್ಟಾಪ್ ನಾಬ್ ಎಳೆದು ಹಿಡ್ಕೊಂಡು ಬರೀ ಸೆಲ್ಫ್ ಹೊಡೀರಿ, ಸ್ವಲ್ಪ ಹೊಡೆದು ಸ್ಟಾರ್ಟರಿಗೆ ರೆಸ್ಟ್ ಕೊಟ್ಟು ಮತ್ತೆ, ಗೇಜ್ ಮುಳ್ಳು ಅಲುಗಾಡೋ ತನಕ. ಮುಳ್ಳು ಎದ್ದ ಮೇಲೇ ನಾಬ್ ಬಿಟ್ಟು ಸ್ಟಾರ್ಟ್ ಮಾಡೋದು. ಮೊದಲ 500 ಕಿಲೋಮೀಟರಿಗೆ ಆಯಿಲೂ ಫಿಲ್ಟರೂ ಬದಲಾಯಿಸಿ, ತಣ್ಣಗಿದ್ದಾಗ ಎಷ್ಟು, ಕಾದ ಐಡಲ್ಲಲ್ಲಿ ಎಷ್ಟು, ರೇಸಲ್ಲಿ ಎಷ್ಟು ಅಂತ ಡ್ಯಾಶ್ ಬೋರ್ಡ್ ಒಳಗೆ ಒಂದು ಪಟ್ಟಿ ಅಂಟಿಸಿ ಬರೆದಿಡಿ. ಮುಂದಿನ ವರ್ಷ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದು ಕೊಯ್ಲಿನ ಓಡಾಟ ಶುರುವಾಗೋ ಮುಂಚೆ ಅದೇ ಅಳತೆ ಮತ್ತೆ ತಗೊಂಡ್ರೆ ಎಷ್ಟು ಇಳಿದಿದೆ ಅಂತ ಗೊತ್ತಾಗತ್ತೆ.

ಹಳೇ ಜೀಪ್ ತಗೊಳ್ಳೋಕೆ ಹೊರಟಿರೋರಿಗೂ ಇದೇ ಉಪಯೋಗಕ್ಕೆ ಬರತ್ತೆ. ನೀವು ಹೋಗೋ ಹೊತ್ತಿಗೆ ಎಂಜಿನ್ ತಣ್ಣಗಿರ್ಲಿ ಅಂತ ಮೊದ್ಲೇ ಹೇಳಿ, ಯಾಕಂದ್ರೆ ಮೊದಲ್ನೇ ಸ್ಟಾರ್ಟಿನ ಕಟಕಟ ಕೇಳ್ಬೇಕು, ಆಮೇಲೆ ಚೆನ್ನಾಗಿ ಏರು ಹತ್ತಿಸಿ ಕಾಯಿಸಿ ಐಡಲ್ ಬಿಟ್ಟು ನೋಡಿ. ಸ್ಟಿಕ್ಕಲ್ಲಿ ಆಯಿಲ್ ಜೇನುತುಪ್ಪದ ಹಾಗೆ ಎಳೆ ಎಳೆಯಾಗಿ ಇಳೀತಿದ್ರೆ ಅದಕ್ಕೆ ಏನೋ ಬೆರೆಸಿದಾರೆ. ಮತ್ತೆ ಸ್ಟಾರ್ಟ್ ಮಾಡೋಕೆ ಮುಂಚೆ ಕೀ ಆನ್ ಮಾಡಿದಾಗ ಆಯಿಲ್ ಲೈಟ್ ಹತ್ತಲೇಬೇಕು, ಹತ್ತದೇ ಇದ್ರೆ ಬಲ್ಬ್ ಯಾಕೆ ತೆಗ್ದಿದೀರ ಅಂತ ಕೇಳಿ, ರೇಟಿನ ಮಾತು ಅದಾದ್ಮೇಲೆ.